ನೀರು ತಿಳಿಯಾಯ್ತಾ

ಕುಶಾಲನಗರ
ನವೆಂಬರ್ ಒಂಬತ್ತು, ಭಾನುವಾರ

ಪ್ರೀತಿಯ ಸೌಮ್ಯಾ,

ಊರು, ತಾರೀಕು ಮೊದಲೇ ಹೇಳಿಬಿಟ್ಟೆ. ಬಾಯಲ್ಲಿ ಹೇಳಿದರೂ ಕಾಗದ ಕಾಗದವೇ. ನಿನಗೆ ಕನ್ನಡ ಮಾತಾಡಲು ಬಂತು, ಓದಲು ಬರಲಿಲ್ಲ; ನನಗೆ ಮಲಯಾಳ ಎರಡೂ ಬರಲಿಲ್ಲ. ಅದಕ್ಕೇ ಹೀಗೆ ಮೊಬೈಲಿಗೆ ಹೇಳಿ ಕಳಿಸ್ತಿದ್ದೇನೆ. ಹೇಗಿದ್ದೀಯ? ನಿಮ್ಮಮ್ಮನ ಸೊಂಟ ಹೇಗಿದೆ, ಕೋಲು ಹಿಡಿದಾದರೂ ನಾಲ್ಕು ಹೆಜ್ಜೆ ನಡೀತಾರಾ? ನಿನ್ನ ತಲೆನೋವು? ಸಮುದ್ರದ ಗಾಳಿ ಇದ್ದಲ್ಲಿ ತಲೆನೋವು ಬರಲ್ಲ ಅಂತ ನೀನು ಹೇಳ್ತಿದ್ದೆ, ನಾನು ನಗ್ತಿದ್ದೆ. ಬರಲಿಲ್ಲ ಅಂದರೆ ಸಂತೋಷ. ಒಂದೊಂದು ಸಲ ಬಂದಿದೆ ಅಂದರೆ ಇನ್ನೂ ಸ್ವಲ್ಪ ಸಂತೋಷ. ಬೇಜಾರು ಮಾಡ್ಕೋಬೇಡ, ನಾಲಿಗೆ ಹಾಗೇ ಇದೆ, ಬದಲಾಗಿಲ್ಲ.

ನಾವು ಚೆನ್ನಾಗಿದ್ದೇವೆ. ಅಮ್ಮನಿಗೆ ಕಿವಿ ಇನ್ನೂ ಮಂದ ಆಗಿದೆ, ಬಾಯಿ ಮಂದ ಆಗಿಲ್ಲ. ಅಂಗಡಿಯಲ್ಲಿ ಕೆಲಸಕ್ಕೆ ಕೊರತೆ ಇಲ್ಲ. ಮಳೆಗಾಲದಲ್ಲಿ ಸುಟ್ಟುಹೋದ ಮೋಟರುಗಳೆಲ್ಲ ಈಗ ರಿವೈಂಡಿಂಗ್‌ಗೆ ಬಂದು ಸಾಲಾಗಿ ಕೂತಿವೆ. ಅಡುಗೆ ನಾನೇ ಮಾಡ್ತೇನೆ. ಸಾರು ಸಪ್ಪೆ ಅಂತ ಅಮ್ಮ ದಿನಾ ಅಂತಾಳೆ, ದಿನಾ ತಿಂತಾಳೆ. ಇದನ್ನೆಲ್ಲ ನೀನು ಕೇಳಿಲ್ಲ, ನಾನೇ ಹೇಳ್ತಿದ್ದೇನೆ. ಏಪ್ರಿಲ್‌ನಲ್ಲಿ ವಿಷುವಿಗೆ ಅಂತ ಕಣ್ಣೂರಿಗೆ ಹೋದವಳು ವಾಪಸು ಬರಲಿಲ್ಲ. ಅಲ್ಲಿಂದೀಚೆಗೆ ನಾನು ಕಳಿಸೋದು ಹತ್ತು ನಿಮಿಷದ ವಾಯ್ಸು, ನೀನು ವಾಪಸು ಕಳಿಸೋದು ನಾಲ್ಕು ಸೆಕೆಂಡು. “ನೀರು ತಿಳಿಯಾಯ್ತಾ, ಏಟ್ಟಾ?” ಅಷ್ಟೇ. ನಿಮ್ಮ ಕಡೆ ಗಂಡನನ್ನ ಕರೆಯೋ ಆ ‘ಏಟ್ಟಾ’ ಮಾತ್ರ ಬಿಟ್ಟಿಲ್ಲ. ಮೊನ್ನೆ ಮಾತ್ರ ಸ್ವಲ್ಪ ಉದ್ದ ಬಂತು. ತಿಳಿಯಾದ ತಕ್ಷಣ ಮೀನೆರಡನ್ನೂ ಕಣ್ಣೂರಿಗೆ ತರಕಾರಿ ತರೋ ಚಿನ್ನನ ಗಾಡಿಯಲ್ಲಿ ಕಳಿಸಿ, ಬೇರೆ ಏನೂ ಬೇಡ, ಅಂತ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಬೇರೆ ಏನೂ ಬೇಡ! ಆಯ್ತು. ಆದರೆ ಒಂದು ಮಾತು ನನಗೂ ಅರ್ಥ ಆಗುತ್ತೆ ಸೌಮ್ಯಾ. ಮೀನು ಈ ಮನೆಯಲ್ಲಿ ಇರೋವರೆಗೆ ನೀನು ಏನಾದರೂ ಕೇಳ್ತೀಯ. ಅವು ಘಾಟಿ ಇಳಿದ ಮೇಲೆ ಯಾತಕ್ಕೆ ಕೇಳ್ತೀಯ?

ಸಮುದ್ರ ನೋಡಿ ಮೂರು ವರ್ಷ ಆಯ್ತು ಅಂತ ನೀನು ಒಂದು ದಿನ ಅಂದಾಗ ಅಂಗಡಿ ಮುಚ್ಚೋ ಹಾಗಿರಲಿಲ್ಲ. ಮೈಸೂರಿಗೆ ಹೋಗಿ ಎರಡಡಿ ಗಾಜಿನ ತೊಟ್ಟಿ, ಕಲ್ಲು, ಉಪ್ಪಿನ ಪುಡಿ, ಆ ಕಿತ್ತಳೆ ಬಣ್ಣದ ಬಿಳಿ ಪಟ್ಟೆಯ ಜೋಡಿ, ಎಲ್ಲ ತಂದೆ. ಸಮುದ್ರವನ್ನೇ ಮನೆಗೆ ತಂದುಬಿಟ್ಟೆ ಅಂತ ಪೂವಯ್ಯನವರ ಹತ್ತಿರ ಹೇಳಿಕೊಂಡೆ. ಅವರು ತೋಟದ ಮೋಟರು ಇಳಿಸ್ತಾ, “ಕಾವೇರಿ ಪಕ್ಕದಲ್ಲಿ ಕೂತ್ಕೊಂಡು ಉಪ್ಪುನೀರು ಸಾಕ್ತೀಯಲ್ಲ ಮಾರಾಯಾ, ನಾಯಿ ಸಾಕಿದ್ರೆ ಬೊಗಳಾದ್ರೂ ಬೊಗಳ್ತಿತ್ತು” ಅಂದರು. ಅಮ್ಮ ಅಂದದ್ದು ನಿನಗೆ ಮರೆತಿರಲ್ಲ: “ಮಕ್ಕಳಿಲ್ಲದ ಮನೆ, ಮೀನಾದ್ರೂ ಇರ್ಲಿ ಬುಡು.” ಅವತ್ತಿಂದ ಸಂಜೆಯಾದರೆ ನೀನು ಆ ತೊಟ್ಟಿ ಮುಂದೆ ಸ್ಟೂಲು ಹಾಕ್ಕೊಂಡು ಕೂತುಬಿಡ್ತಿದ್ದೆ. ನನ್ನ ಮಾತಿಗೆ ಒಂದು ‘ಹೂಂ’ ಕೊಡೋಕೆ ಪುರುಸೊತ್ತಿಲ್ಲದವಳು, ಆ ಎರಡು ಮೂಕ ಪ್ರಾಣಿ ಏನೋ ಹೇಳ್ತಿವೆ ಅನ್ನೋ ಹಾಗೆ ಮುಖ ಕೊಟ್ಟು ಕೂರ್ತಿದ್ದೆ. ಹೊರಡುವ ದಿನ ನೀನಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. “ನೀವು ಮಾತಾಡಿ ಮಾತಾಡಿ, ನನ್ನ ಮಾತು ಎಲ್ಲಿಟ್ಟೆ ಅಂತ ನನಗೇ ಗೊತ್ತಾಗ್ತಿಲ್ಲ.” ನಾನೇನು ಕದ್ದುಕೊಂಡಿದ್ದೆನಾ ನಿನ್ನ ಮಾತನ್ನ? ಹೋಗಲಿ ಬಿಡು.

ನೀನು ಹೋದ ಮೇಲೆ, ವಾಪಸು ಬರುವಷ್ಟರಲ್ಲಿ ತೊಟ್ಟಿ ಫಳಫಳ ಅನ್ನಬೇಕು ಅಂತ ಒಂದು ಭಾನುವಾರ ಕಲ್ಲು, ಸ್ಪಂಜು, ಎಲ್ಲ ತೆಗೆದು ನಲ್ಲಿ ನೀರಲ್ಲಿ ತಿಕ್ಕಿ ತೊಳೆದೆ. ಆ ಕಂದು ಲೋಳೆ ನೋಡಿ ನನಗೇ ಅಸಹ್ಯ ಆಗಿತ್ತು. ಎರಡು ದಿನಕ್ಕೆ ನೀರು ಅಕ್ಕಚ್ಚಿನ ಹಾಗೆ ಬೆಳ್ಳಗಾಯ್ತು. ಒಳಗೆ ಮೀನಿದೆಯೋ ಇಲ್ಲವೋ ಕಾಣದು. ಫೋನು ಮಾಡಿದಾಗ, ಅದೊಂದು ಸಲ ಮಾತ್ರ, ನೀನು ಉದ್ದಕ್ಕೆ ಬೈದೆ. ಆ ಲೋಳೆಯಲ್ಲೇ ನೀರು ಕಾಯೋ ಜೀವ ಇರೋದು, ನಲ್ಲಿಯ ಬ್ಲೀಚಿಂಗ್ ನೀರಲ್ಲಿ ತೊಳೆದು ಕೊಂದಿರಿ, ಇಂಥ ನೀರಿಂದ ಎತ್ತಿದರೆ ಮೀನು ದಾರಿಯಲ್ಲೇ ಹೋಗ್ತವೆ, ಇನ್ನು ಏನೂ ಮಾಡಬೇಡಿ, ಚೂರೇ ಚೂರು ಊಟ ಹಾಕಿ ಸುಮ್ಮನಿರಿ, ತಾನಾಗಿ ತಿಳಿಯಾಗುತ್ತೆ, ಅಂತ. ಸುಮ್ಮನಿರೋದು! ನನಗೆ ಹೇಳಿದೆ ಅದನ್ನ! ನಾನು ಫಿಲ್ಟರಿನ ಹತ್ತಿ ಬದಲಾಯಿಸಿದೆ, ಪಂಪಿನ ಜೋರು ಹೆಚ್ಚಿಸಿದೆ, ಅರ್ಧ ನೀರು ತೆಗೆದು ಅರ್ಧ ಹಾಕಿದೆ. ಕೈ ಹಾಕಿದಷ್ಟೂ ಕಲಕಿತು.

ಜೂನ್‌ನಲ್ಲಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡೋಕೆ ಶುರು ಮಾಡಿದವು. ಗಾಜಿನ ಅಂಚಿಗೆ ಬಿಳಿ ಉಪ್ಪು ಕಟ್ಟಿತ್ತು. ಅಳೆದು ನೋಡಿದರೆ ಉಪ್ಪು ಎಲ್ಲೋ ಏರಿಹೋಗಿದೆ. ನೀನು ಹೇಳಿಕೊಟ್ಟ ಹಾಗೆ, ಆರಿಹೋದಷ್ಟಕ್ಕೆ ಸಿಹಿನೀರನ್ನೇ ಹಾಕ್ತಿದ್ದೆ. ಆರೋದು ನೀರು, ಉಪ್ಪು ಅಲ್ಲೇ ಇರುತ್ತೆ ಅನ್ನೋದು ಗೊತ್ತಿತ್ತು. ಆಮೇಲೆ ನೋಡಿದರೆ ಅಮ್ಮ. ನಾನು ಅಂಗಡಿಗೆ ಹೋದ ಮೇಲೆ ಅಡುಗೆಮನೆಯ ಕಲ್ಲುಪ್ಪು ಒಂದೊಂದು ಹಿಡಿ ಹಾಕ್ತಿದ್ದಳಂತೆ. ಯಾಕಮ್ಮಾ ಅಂದರೆ, “ನೀನು ಸಪ್ಪೆ ನೀರು ಸುರಿಯೋದ ನಾ ಕಂಡಿವ್ನಿ. ಸಮುದ್ರದವು ಸಪ್ಪೇಲಿ ಬದುಕ್ತಾವೇನ್ಲಾ? ಸಪ್ಪೆ ಮಾಡಿ ಮಾಡೀನೇ ಅವಳ್ನೂ ಓಡ್ಸ್ದೆ” ಅಂದಳು. ನಿನ್ನ ಎದುರಿಗೆ ಒಂದು ಒಳ್ಳೆ ಮಾತಾಡದವಳು ಕಣೇ. ಉಪ್ಪಿನ ಪೊಟ್ಟಣ ನೀನು ನನ್ನ ಕೈಗೆ ಕೊಟ್ಟಾಗಲೆಲ್ಲ, ಉಪ್ಪು ಕೈಯಿಂದ ಕೈಗೆ ಕೊಟ್ಟರೆ ಜಗಳ, ಕೆಳಗಿಟ್ಟು ತಗೊಳ್ಳಿ ಅಂತ ಕಿರುಚ್ತಿದ್ದವಳು. ನಾನು ಬೈಯಲಿಲ್ಲ. ವಾರಗಟ್ಟಲೆ ಚೊಂಬು ಚೊಂಬಾಗಿ ನೀರು ಬದಲಾಯಿಸಿ ಉಪ್ಪು ಇಳಿಸಿದೆ. ಮೀನು ಉಳಿದವು. ನೀರು ಮಾತ್ರ ಹಾಗೇ ಇತ್ತು.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಜುಲೈನಲ್ಲಿ ನಾನು ಕಣ್ಣೂರಿಗೆ ಬಂದಿದ್ದೆ. ಪುಡಿ ಕಲಸಿದ ನೀರು ಬೇಡ, ಅವು ಹುಟ್ಟಿದ ನೀರೇ ತರೋಣ ಅಂತ ನಾಲ್ಕು ಕ್ಯಾನು ಹಾಕ್ಕೊಂಡು ಮಾಕುಟ್ಟ ಘಾಟಿ ಇಳಿದೆ. ನೀನು ಅಷ್ಟು ಹೊಗಳಿದ ಸಮುದ್ರ ಆ ಮಳೆಯಲ್ಲಿ ನಮ್ಮ ಹಾರಂಗಿ ನಾಲೆಗಿಂತ ಕೆಂಪಾಗಿತ್ತು. ಆದರೂ ತುಂಬಿಕೊಂಡೆ. ನಿಮ್ಮ ಮನೆ ಹತ್ತಿರದ ತೀರದಲ್ಲೇ ತುಂಬಿಕೊಂಡೆ, ಸುಳ್ಳು ಯಾಕೆ ಹೇಳಲಿ. ಕರೆದುಕೊಂಡು ಹೋಗೋಣ ಅಂತಲೇ ಬಂದದ್ದು. ನೀನು ನಿನ್ನಕ್ಕ ಚೇಚಿಯ ಜೊತೆ ಗೋಡೆ ಮೇಲೆ ಕೂತಿದ್ದೆ, ಒಂದೇ ಕೊಡೆಯ ಕೆಳಗೆ. ಮಾತಾಡ್ತಿದ್ದೆ. ಎಷ್ಟು ಮಾತು! ಕೈ ಆಡಿಸಿಕೊಂಡು, ಚೇಚಿಯ ತೊಡೆಗೆ ಹೊಡೆದುಕೊಂಡು, ನಕ್ಕು, ಮತ್ತೆ ಮಾತು. ಚೇಚಿ ಬಾಯಿ ತೆರೆದರೆ ಅವಳನ್ನ ತಡೆದು ನೀನೇ ಮುಂದುವರಿಸ್ತಿದ್ದೆ. ಕಳೆದುಹೋಗಿದೆ ಅಂದೆಯಲ್ಲ, ಅದೆಲ್ಲ ಅಲ್ಲೇ ಇತ್ತು. ನನ್ನ ಮನೆಯಲ್ಲಿ ಇಪ್ಪತ್ತೆರಡು ವರ್ಷ ಒಂದು ದಿನ ನಾನು ಆ ಹೆಂಗಸನ್ನ ನೋಡಿರಲಿಲ್ಲ. ಕ್ಯಾನಿನ ಮುಚ್ಚಳ ಬಿಗಿದುಕೊಂಡು ಗಾಡಿ ಹತ್ತಿದೆ. ಏನು ಅಂತ ಕರೆಯಲಿ? ಕರೆದಿದ್ದರೆ ನೀನು ಸುಮ್ಮನಾಗ್ತಿದ್ದೆ.

ಬರುವಾಗ ಚೆಕ್‌ಪೋಸ್ಟಿನಲ್ಲಿ ಕ್ಯಾನು ನೋಡಿ, ಕದ್ದು ತರೋ ಅಗ್ಗದ ಮದ್ಯ ಅಂದುಕೊಂಡು ನಿಲ್ಲಿಸಿದರು. “ಮಾಹೆ ಕಡೆಯಿಂದ ಬರೋ ಕ್ಯಾನಲ್ಲಿ ನೀರಂತೆ ನೀರು!” ಅಂತ ಒಬ್ಬ ಬೆರಳದ್ದಿ ಬಾಯಿಗಿಟ್ಟು, “ಥೂ! ಸಮುದ್ರ ಕದ್ಕೊಂಡು ಹೊರಟಿದ್ದೀರೇನ್ರೀ?” ಅಂದ. ಎಲ್ಲರೂ ನಕ್ಕರು. ಕಣ್ಣೊರೆಸಿಕೊಂಡದ್ದು ನೋಡಿ ನಾನೂ ನಗ್ತಿದ್ದೇನೆ ಅಂದುಕೊಂಡರು. ಆ ನೀರು ವಾರದಲ್ಲಿ ನಾತ ಹೊಡೀತು, ಅಮ್ಮ ತೆಂಗಿನ ಬುಡಕ್ಕೆ ಸುರಿದಳು. ಅವತ್ತಿಂದ ತೊಟ್ಟಿಗೆ ನಾನು ಕೈ ಹಾಕೋದು ಬಿಟ್ಟೆ. ದಿನಕ್ಕೊಂದು ಚಿಟಿಕೆ ಊಟ, ಆರಿದಷ್ಟಕ್ಕೆ ಸಿಹಿನೀರು, ಅಷ್ಟೇ. ಮನಸ್ಸೇ ಬರಲಿಲ್ಲ. ಸಂಜೆ ನಿನ್ನ ಸ್ಟೂಲಿನ ಮೇಲೆ ಕೂತರೆ ನನ್ನ ಬಾಯಲ್ಲೂ ಮಾತು ಬರಲ್ಲ, ನಂಬ್ತೀಯಾ? ನಂಬಲ್ಲ. ಇಷ್ಟು ಹೊತ್ತು ಮಾತಾಡಿದವನು ಹೇಳಿದರೆ ಯಾರು ನಂಬ್ತಾರೆ.

ಚೇಚಿಗೆ ಕೇಳಿದೆ ಅಂತ ಹೇಳು, ನಿಮ್ಮಮ್ಮನಿಗೆ ನಮಸ್ಕಾರ ತಿಳಿಸು. ಚಳಿ ಶುರುವಾಗಿದೆ, ಅಲ್ಲಿ ಚಳಿ ಇಲ್ಲ, ನಿನಗೆ ಅದೂ ಒಂದು ಒಳ್ಳೆಯದೇ ಆಯ್ತು. ಅಮ್ಮ ನಿನಗೆ ಏನೂ ಹೇಳು ಅಂತ ಹೇಳಿಲ್ಲ, ಆದರೆ ನಾನು ಮಾತಾಡೋ ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದಾಳೆ. ಎಲ್ಲಿದ್ದರೂ ಚೆನ್ನಾಗಿರು.

ಇಂತಿ,
ಆನಂದ

ಮರೆತೆ, ಇದೊಂದು ಕೇಳಿಸಿಕೊ. ನೀರು ತಿಳಿಯಾಗಿದೆ ಸೌಮ್ಯಾ. ಗೌರಿ ಹಬ್ಬದಿಂದಲೂ ತಿಳಿಯಾಗೇ ಇದೆ, ತೊಟ್ಟಿಯ ಮೂಲಕ ಆಚೆ ಗೋಡೆಯ ಕ್ಯಾಲೆಂಡರ್ ಓದಬಹುದು. ಇನ್ನೂ ಕಲಕಿದೆ, ಇನ್ನೂ ಕಲಕಿದೆ ಅಂತ ಪ್ರತಿ ಸಲ ಹೇಳಿದ್ದು ನೀನು ಮತ್ತೆ ಕೇಳಲಿ ಅಂತ. ಬುಧವಾರ ಬೆಳಿಗ್ಗೆ ಚಿನ್ನ ತರಕಾರಿ ಹಾಕ್ಕೊಂಡು ಹೊರಡ್ತಾನೆ, ಮೀನು ಕೊಟ್ಟು ಕಳಿಸ್ತೇನೆ. ಮಧ್ಯಾಹ್ನದ ಹೊತ್ತಿಗೆ ಮಾರ್ಕೆಟ್ ಹತ್ತಿರ ಬಕೆಟ್ ತಗೊಂಡು ಬಂದು ನಿಂತಿರು. ವಾಪಸು ಬರುವಾಗ ಮುಂದಿನ ಸೀಟು ಖಾಲಿ ಇರುತ್ತಂತೆ. ಚಿನ್ನ ಹೇಳಿದ್ದು ಅದು, ನಾನು ಹೇಳಿದ್ದಲ್ಲ.