ಇಲಿ ಕಡಿದ ಹೆಬ್ಬೆರಳು

ಅರಸೀಕೆರೆ
೧೯೯೯, ಶಿವರಾತ್ರಿ ಕಳೆದ ಸೋಮವಾರ

ಲೋ ಮಧುಕುಮಾರ,

ನಿಮ್ಮಣ್ಣ ಕರಿಯಯ್ಯ ಮಾತಾಡ್ತಿರೋದು. ಫೋನಲ್ಲಿ ಬೈದ್ರೆ ಇಟ್ಟುಬಿಡ್ತೀಯ ಅಂತ ಕ್ಯಾಸೆಟ್ಟಿಗೆ ತುಂಬ್ತಿದೀನಿ. ಎಸ್‌ಟಿಡಿ ಬೂತಲ್ಲಿ ದಿನವೆಲ್ಲ ಹಾಡು ಹಾಕ್ತೀಯಲ್ಲ, ಅದೇ ಟೇಪಿಗೆ ಇದನ್ನ ಹಾಕ್ಕೊ. ಅವ್ವ ಇದರ ಜತೆ ಒಂದು ಎಳನೀರು ತಂದಿರ್ತಾಳೆ. ಕುಡೀತಾ ಕೇಳು, ಗಂಟಲು ಒಣಗ್ತದೆ. ನಡುನಡುವೆ ಸರಸರ ಸದ್ದು ಬಂದ್ರೆ ಸಹಿಸ್ಕೊ.

ತೆಂಗಿನ ಮರ ಹತ್ತಿ ನಿನ್ನ ಓದಿಸಿದೋನು ನಾನು. ಕೊಬ್ಬರಿ ಲಾರಿ ನನ್ನ ಪಾದದ ಮೇಲೆ ಹತ್ತಿದಾಗ ನೀನು ಅತ್ತಿದ್ದು ನಿಜ. ಅಂಗವಿಕಲರ ಕೋಟಾದಲ್ಲಿ ಬೂತು ಬಂದಾಗ ನಕ್ಕಿದ್ದೂ ನಿಜ. ಹೆಸರು ನಂದು, ಕುರ್ಚಿ ನಿಂದು. ಆಗ್ಲಿ ಬಿಡು ಅಂದ್ಕೊಂಡೆ, ಒಂಟಿ ಕಾಲಲ್ಲಿ ನಾನೇನು ಕಡಿದು ಕಟ್ಟೆ ಹಾಕಬೇಕಿತ್ತು?

ಆಮೇಲೆ ಕಾಲಿಲ್ಲದೋರ ಕ್ಯಾಂಪಲ್ಲಿ ಆ ರಬ್ಬರ್ ಪಾದ ಕಟ್ಟಿದ್ರು. ಸೈಕಲ್ಲಿಗಿಂತ ಅಗ್ಗದ್ದು ಕಣೋ. ಬೂಟು ಬೇಡ, ಬರಿಗಾಲಲ್ಲೇ ನಡೀಬೋದು. ಕುಕ್ಕರಗಾಲಲ್ಲಿ ಕೂತೆ, ಕೆಸರಲ್ಲಿ ಇಳಿದೆ. ಮತ್ತೆ ಮರ ಹತ್ತಬೋದು ಅಂತ ಕುಣಿದಾಡಿದೆ. ಅವ್ವ ದೃಷ್ಟಿ ತೆಗೆದ್ಲು. ನೀನೇನಂದೆ? "ಅಣ್ಣಾ, ಬೀದೀಲಿ ಹಂಗೆ ನೆಟ್ಟಗೆ ನಡೀಬ್ಯಾಡ. ಕುಂಟ ಅಂತ ಬೂತು ಕೊಟ್ಟವ್ರೆ. ನೋಡಿದ್ರೆ ಕಿತ್ಕೊಂತಾರೆ."

ಒಂದಿನ ಎದ್ದು ನೋಡ್ತೀನಿ, ಪಾದವೇ ಇಲ್ಲ. ಕಳ್ಳ ಹೊಡ್ಕೊಂಡು ಹೋದ ಅಂದೆ ನೀನು. ಥೂ! ಒಂಟಿ ರಬ್ಬರ್ ಪಾದ ಕದಿಯೋ ಕಳ್ಳ ಯಾವನ್ಲಾ? ಆಮೇಲೆ ಫೋನ್ ಆಫೀಸಿನೋರು ಬಂದಾಗೆಲ್ಲ ನನ್ನನ್ನ ಗೋಣಿತಾಟಿನ ಮೇಲೆ, ಮೋಟುಗಾಲು ಕಾಣೋ ಹಂಗೆ, ಬೂತಿನ ಮುಂದೆ ಕೂರಿಸ್ತಿದ್ದೆ. ಸಂತೇಲಿ ಕರು ಕಟ್ಟಿದ ಹಂಗೆ.

ಮೊನ್ನೆ ಅವ್ವ ಕೊಬ್ಬರಿ ಅಟ್ಟ ಹತ್ತಿದ್ಲು. ಮೂಟೆ ಹಿಂದೆ ನಿನ್ನ ಲುಂಗಿ, ಲುಂಗಿಯೊಳಗೆ ನನ್ನ ಪಾದ. ಹೆಬ್ಬೆರಳನ್ನ ಇಲಿ ಕಡಿದಿತ್ತು. ಇಲಿಗೂ ಅದು ಮನುಷ್ಯನ ಕಾಲು ಅಂತ ಗೊತ್ತಾಗೈತೆ ಕಣೋ, ನಿಂಗೆ ಗೊತ್ತಾಗ್ಲಿಲ್ಲ.

ಅವತ್ತೇ ಕಟ್ಕೊಂಡು ಫೋನ್ ಆಫೀಸಿಗೆ ನಡ್ಕೊಂಡೇ ಹೋದೆ. ನಾನು ನಡೀತೀನಿ, ಬೂತು ಕಿತ್ಕೊಂತೀರಾ ಅಂದೆ. ಅಲ್ಲಿದ್ದ ಮೇಡಂ ನಕ್ಕರು. "ಕನ್ನಡಕ ಹಾಕ್ಕೊಂಡ್ರೆ ಕಣ್ಣು ವಾಸಿಯಾಯ್ತು ಅಂತಾರೇನ್ರೀ? ಹೋಗಿ, ಕೆಲಸ ನೋಡ್ಕೊಳ್ಳಿ" ಅಂದ್ರು. ಇಷ್ಟೇ ಮಾತು. ಇದನ್ನ ಕೇಳೋಕೆ ನಿಂಗೆ ಬಾಯಿರ್ಲಿಲ್ಲ. ಕೇಳಿದ್ರೆ ಕುರ್ಚಿ ಬಿಡಬೇಕಾಗಿತ್ತಲ್ಲ!

ನಾಳೆಯಿಂದ ಬೂತಲ್ಲಿ ನನ್ನ ಮಗಳು ಕೂರ್ತಾಳೆ. ಬೀಗದ ಕೈ ಈಗಲೇ ಅವ್ವನಿಗೆ ಕೊಡು. ಕುಂಟನ ತಮ್ಮ ಅಂತ ಉಂಡಿದ್ದು ಸಾಕು. ನಿಂಗೆ ಎರಡು ಕಾಲು ಅವೆ, ದುಡಿ.

ಬೂತಿನ ಯಜಮಾನ,
ಕರಿಯಯ್ಯ

ಹೇಳೋದು ಮರೆತೆ: ಆ ಸರಸರ ಸದ್ದು ಫ್ಯಾನಿಂದಲ್ಲ, ತೆಂಗಿನ ಗರೀದು. ಟೇಪು ಕೊರಳಿಗೆ ನೇತಾಕ್ಕೊಂಡು ಮರಿಯಣ್ಣನ ತೋಟದ ಎತ್ತರದ ಮರದ ತುದೀಲಿ ಕೂತಿದೀನಿ. ಕೆಳಗೆ ಅರ್ಧ ಊರೇ ನಿಂತು ನೋಡ್ತೈತೆ. ನೀನೀಗ ಕುಡಿದ್ಯಲ್ಲ ಎಳನೀರು, ಅದನ್ನ ಇಲ್ಲಿಂದ ನಾನೇ ಕಿತ್ತಿದ್ದು. ಸಿಹಿ ಇತ್ತೇನ್ಲಾ?