ಆಂಜನಮ್ಮನವರ ಮೂವತ್ತು ಸೆಕೆಂಡು

ಇಂದಿರಾನಗರ, 2009

ಪ್ರೇಮ್,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಇವತ್ತು ಆಫೀಸಿನಲ್ಲಿ ಆದದ್ದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳಲಾರೆ.

ಆಸ್ಪತ್ರೆಯ ಟೋಕನ್ ಯಂತ್ರಕ್ಕೆ ನಾವು ಬರೆದ ಹೊಸ ಸಾಫ್ಟ್‌ವೇರ್ ನಾಳೆ ಹೋಗಬೇಕಿತ್ತು. ಬೆಳಗಿನ ಮೀಟಿಂಗಿನಲ್ಲಿ, ಟೆಸ್ಟಿಂಗಿಗೆ ಹೊಸದಾಗಿ ಸೇರಿದ ತನ್ಮಯಿ ಎದ್ದು, "ಕಳ್ಸೋಕಾಗಲ್ಲ ಸರ್, ಆಂಜನಮ್ಮಂಗೆ ಟೈಮ್ ಸಾಲಲ್ಲ" ಎಂದಳು. ಅವಳ ಕೈಯಲ್ಲಿ, ಯಂತ್ರವನ್ನು ಹೇಗೆ ಪರೀಕ್ಷಿಸಬೇಕೆಂದು ಆರು ವರ್ಷದ ಹಿಂದೆ ನೀನು ಬರೆದಿಟ್ಟ ಟೆಸ್ಟ್ ಇತ್ತು. ಉಳಿದವರ ಟೆಸ್ಟುಗಳಲ್ಲಿ ಬರೀ ಅಂಕಿ, ನಿನ್ನದರಲ್ಲಿ ಕಥೆ. ಆಂಜನಮ್ಮ ಕನ್ನಡಕ ಹುಡುಕುತ್ತಾರೆ, ಪ್ಲಾಸ್ಟಿಕ್ ಕವರಿನಿಂದ ಚೀಟಿ ತೆಗೆಯುತ್ತಾರೆ, ನಂಬರನ್ನು ಒಂದೊಂದಾಗಿ ಓದಿ ಒತ್ತುತ್ತಾರೆ. ಅಷ್ಟರಲ್ಲಿ ಯಂತ್ರ ಕಾಯುವ ಮೂವತ್ತು ಸೆಕೆಂಡು ಮುಗಿದು ಪರದೆ ಮತ್ತೆ ಮೊದಲಿನ ಪುಟಕ್ಕೆ ಹೋಗುತ್ತದೆ.

ಅಂದು ನೀನು ಇದನ್ನೇ ಹೇಳಿದಾಗ ನಾನು, "ನಿಮ್ಮಮ್ಮಂಗೋಸ್ಕರ ರಿಲೀಸ್ ನಿಲ್ಸಕ್ಕಾಗಲ್ಲ ಮಗಾ" ಎಂದೆ. ಎಲ್ಲರೂ ನಕ್ಕರು. ಮರುವಾರ ನೀನು ಬ್ಯಾಡ್ಜ್ ಒಪ್ಪಿಸಿ ಹೋದೆ.

"ಯಾರು ಸರ್ ಈ ಆಂಜನಮ್ಮ?" ಎಂದು ತನ್ಮಯಿ ಕೇಳಿದಳು.

"ಸುಮ್ನೆ ಇಟ್ಟಿರೋ ಹೆಸ್ರು" ಎಂದೆ.

ಬೈಯಪ್ಪನಹಳ್ಳಿಯ ನಿಮ್ಮ ಮನೆಯಲ್ಲಿ "ನಾಚ್ಕೋಬೇಡಪ್ಪ, ತಿನ್ನು" ಎನ್ನುತ್ತಾ ಅವರೆಕಾಳಿನ ಸಾರನ್ನು ನನಗೆ ಎರಡನೇ ಸಲ ಬಡಿಸಿದವರನ್ನು ಹಾಗೆ ಅಂದುಬಿಟ್ಟೆ.

ಸಮಯವನ್ನು ತೊಂಬತ್ತು ಸೆಕೆಂಡಿಗೆ ಏರಿಸಿದೆವು. ಸಂಜೆ ನಿನ್ನ ಟೆಸ್ಟಿನ ಮುಂದೆ ನಾನೇ ಪಾಸ್ ಎಂದು ಬರೆದೆ. ಈಗ ಅಮ್ಮನಿಗೆ ಎಷ್ಟು ಹೊತ್ತು ಬೇಕಾಗುತ್ತದೋ, ನನಗೆ ಗೊತ್ತಿಲ್ಲ.

ಶ್ರೀನಾಥ್