ನನ್ನ ಸಲೂನಿನ ಕನ್ನಡಿಗೆ ನೀವು ಕೊಟ್ಟ ಪರವಾನಗಿ

ಜಾಹೀರಾತುಗಳಿಗೆ ಪರವಾನಗಿ ಕೊಡುವ ಅಧಿಕಾರಿಗಳೇ,

ಮಾನ್ಯರೇ, ನನ್ನ ಸಲೂನಿನ ಕನ್ನಡಿ ಸುಳ್ಳು ಹೇಳುತ್ತದೆ. ಆ ಸುಳ್ಳಿನಿಂದ ನನ್ನ ಅಣ್ಣನ ಅರ್ಧ ಮುಖ ಸೋತುಹೋಗಿದೆ. ಅದು ಎಂದಿಗೂ ಸರಿಹೋಗುವುದಿಲ್ಲವೇನೋ ಎಂಬ ಭಯದಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಕನ್ನಡಿಯ ಮೂಲೆಯಲ್ಲಿ ನಿಮ್ಮ ಕಚೇರಿಯ ಪರವಾನಗಿ ಚೀಟಿ ಅಂಟಿದೆ, ಆದ್ದರಿಂದ ಪತ್ರ ನಿಮಗೇ ಸಲ್ಲಬೇಕು. ಕ್ಷೌರಿಕನಿಗೆ ಇಷ್ಟೆಲ್ಲ ಬರೆಯಲು ಯಾರು ಕಲಿಸಿದರು ಎಂದು ಹುಬ್ಬೇರಿಸಬೇಡಿ. ಸರದಿಗೆ ಕಾಯುವವರಿಗೆಂದು ತರಿಸುವ ಪತ್ರಿಕೆಗಳನ್ನು ದಿನವೂ ಮೊದಲು ಓದುವವನು ನಾನೇ.

ಕೂದಲಿಗೆ ಹಚ್ಚುವ ಬಣ್ಣ ತಯಾರಿಸುವ ಕಂಪನಿಯೊಂದರ ಪ್ರತಿನಿಧಿ ಹೋದ ವರ್ಷ ನನ್ನ ಅಂಗಡಿಗೆ ಬಂದರು. ಬಲು ನಯದ ಹೆಂಗಸು. "ಅಣ್ಣಾ, ಇದು ಹೊಸ ಥರದ ಕನ್ನಡಿ. ಬಣ್ಣ ಹಚ್ಚೋಕೆ ಮುಂಚೇನೇ ಗಿರಾಕಿ ತಾನು ಹೇಗೆ ಕಾಣ್ತೀನಿ ಅಂತ ನೋಡ್ಕೋಬಹುದು. ನಿಮಗೆ ಪುಕ್ಕಟೆ" ಎಂದರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನಮ್ಮದು. ಅಂಚಿನಲ್ಲಿ ರಸ ಹೋಗಿ ಕಪ್ಪಾಗಿದ್ದ ಅಪ್ಪನ ಕಾಲದ ಕನ್ನಡಿಯನ್ನು ಇಳಿಸಿದರು, ಇದನ್ನು ಗೋಡೆಗೆ ಕೂರಿಸಿದರು. ನೋಡಲು ಕನ್ನಡಿಯೇ. ಒಳಗಿರುವುದು ಕ್ಯಾಮೆರಾ ಮತ್ತು ಪರದೆ. ಬೆರಳು ಮುಟ್ಟಿಸಿದರೆ ಕೂದಲು ಕಂದು, ಮತ್ತೆ ಮುಟ್ಟಿಸಿದರೆ ಕೆಂಪು. ಮುಟ್ಟದಿದ್ದರೂ ಅದು ಸುಮ್ಮನಿರುವುದಿಲ್ಲ. ಸುಕ್ಕು ಸವರುತ್ತದೆ, ಕಣ್ಣಿನ ಕೆಳಗಿನ ಕಪ್ಪು ಅಳಿಸುತ್ತದೆ, ಸೊಟ್ಟಗಿರುವುದನ್ನು ನೆಟ್ಟಗೆ ಮಾಡುತ್ತದೆ. "ಮುಖ ಸ್ವಲ್ಪ ತಿದ್ದುತ್ತೆ ಅಷ್ಟೆ, ಯಾರಿಗೂ ಗೊತ್ತಾಗಲ್ಲ" ಎಂದಿದ್ದರು ಆಕೆ. ಇದಕ್ಕೆ ವರ್ಧಿತ ವಾಸ್ತವ ಎಂದು ಹೆಸರಂತೆ. ಇರುವ ವಾಸ್ತವವೇ ನಮಗೆ ಹೊರಲಾರದಷ್ಟಿರುವಾಗ ಅದನ್ನು ವರ್ಧಿಸಿ ಎಂದು ನಿಮ್ಮನ್ನು ಯಾರು ಕೇಳಿಕೊಂಡಿದ್ದರು ಸ್ವಾಮಿ?

ನಮ್ಮ ಕಸುಬಿನ ಒಂದು ಸಂಗತಿ ನಿಮಗೆ ಗೊತ್ತಿರಲಾರದು. ಕೂದಲು ಕತ್ತರಿಸುವಾಗ ನಾವು ನಿಲ್ಲುವುದು ಗಿರಾಕಿಯ ಬೆನ್ನ ಹಿಂದೆ. ಕತ್ತರಿ ನೋಡುವುದು ತಲೆಯನ್ನು, ನಾವು ಮುಖ ನೋಡುವುದು ಕನ್ನಡಿಯಲ್ಲಿ. ಮಾತು, ನಗು, ಕುಶಲ ಎಲ್ಲ ಕನ್ನಡಿಯ ಮೂಲಕವೇ. ಕೆಲವು ಗಿರಾಕಿಗಳನ್ನು ನಾನು ಎದುರಿನಿಂದ ನೋಡಿದ್ದೇ ಕಡಿಮೆ. ಅವರು ಬೀದಿಯಲ್ಲಿ ಸಿಕ್ಕರೆ ಬೈತಲೆ ತಪ್ಪು ಬದಿಗೆ ಬಂದಂತೆ ಕಂಡು ಒಂದು ಗಳಿಗೆ ಗುರುತೇ ಹತ್ತುವುದಿಲ್ಲ.

ಅಣ್ಣನದು ಎದುರು ಸಾಲಿನಲ್ಲಿ ಸೈಕಲ್ ರಿಪೇರಿ ಅಂಗಡಿ. ನಾವಿಬ್ಬರೂ ಅಪ್ಪನ ಸಲೂನಿನ ಬೆಂಚಿನ ಮೇಲೆ ಬೆಳೆದವರು. ಕೊರೆಯುವ ಗಿರಾಕಿ ಬಂದು ಕೂತರೆ ಅಣ್ಣ ಹಿಂದಿನಿಂದ ಕನ್ನಡಿಯಲ್ಲಿ ಬಾಯಿ ಸೊಟ್ಟಗೆ ಮಾಡಿ ನನ್ನನ್ನು ನಗಿಸುತ್ತಿದ್ದ, ಅಪ್ಪನ ಕೈಯಲ್ಲಿ ಏಟು ನನಗೆ ಬೀಳುತ್ತಿತ್ತು. ತಲೆ ನರೆತ ಮೇಲೂ ಅವನು ಆ ಚಾಳಿ ಬಿಟ್ಟಿರಲಿಲ್ಲ. ಹೊಸ ಕನ್ನಡಿ ಬಂದ ದಿನ ಅದರ ಮುಂದೆಯೂ ಬಾಯಿ ಸೊಟ್ಟಗೆ ಮಾಡಿದ. ಕನ್ನಡಿಯಲ್ಲಿ ಮಾತ್ರ ಅವನ ಬಾಯಿ ನೆಟ್ಟಗೇ ಇತ್ತು. "ಏನೋ ಇದು, ಇದಕ್ಕೆ ತಮಾಷೆನೇ ಅರ್ಥ ಆಗಲ್ವಲ್ಲೋ" ಎಂದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಂದಿನಿಂದ ಅವನು ಕೆಲಸ ಮುಗಿದು ನಾನು ಕುರ್ಚಿ ತಿರುಗಿಸುವವರೆಗೂ ಕಾದಿದ್ದು, ನೇರ ನನ್ನೆದುರಿಗೇ ಬಾಯಿ ಸೊಟ್ಟ ಮಾಡುತ್ತಿದ್ದ.

ಮುಖ ಸೋತ ಆ ದಿನವೂ ಕೂದಲು ಕತ್ತರಿಸಿಕೊಳ್ಳಲು ಬಂದು ಕೂತ. ಕತ್ತರಿ ಸದ್ದಿಗೆ ತೂಕಡಿಸುವುದು ಅವನ ಅಭ್ಯಾಸ, ಹಾಗಾಗಿ ಮಾತು ನಿಂತದ್ದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನಡುನಡುವೆ ಕನ್ನಡಿ ನೋಡುತ್ತಿದ್ದೆ. ಅರೆಗಣ್ಣು, ತುಟಿಯ ಮೇಲೆ ಸಣ್ಣ ನಗು, ತುಂಬಿದ ಕೆನ್ನೆ. ಸುಖವಾಗಿ ನಿದ್ದೆ ಮಾಡುತ್ತಿದ್ದಾನೆ, ಮಾಡಲಿ ಎಂದು ಕೈಯನ್ನು ಇನ್ನಷ್ಟು ನಿಧಾನ ಮಾಡಿದೆ. ಮುಗಿಸಿ ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿದೆ. ಅವನ ಬಾಯಿ ಒಂದು ಕಡೆಗೆ ಜಾರಿತ್ತು.

ಮಾನ್ಯರೇ, ನಾನು ನಕ್ಕುಬಿಟ್ಟೆ. "ಸಾಕು ಬಿಡಣ್ಣಾ, ವಯಸ್ಸಾಯ್ತು" ಎಂದೆ. ಬಾಯಿಯ ಅಂಚಿನಿಂದ ಜೊಲ್ಲು ಇಳಿದು ಬಟ್ಟೆಯ ಮೇಲೆ ಬಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು, ಅದರಲ್ಲಿ ತಮಾಷೆ ಇರಲಿಲ್ಲ. ತಿರುಗಿ ಕನ್ನಡಿ ನೋಡಿದರೆ ಅಲ್ಲಿ ನನ್ನ ಅಣ್ಣ ಓರೆಯಾಗಿ ಕೂತು ಹಾಯಾಗಿ ಮುಗುಳ್ನಗುತ್ತಿದ್ದ.

ಪಾರ್ಶ್ವವಾಯು ಎಂದರು ಡಾಕ್ಟರು. "ಇನ್ನೂ ಸ್ವಲ್ಪ ಬೇಗ ಕರ್ಕೊಂಡು ಬರಬೇಕಿತ್ತು" ಎಂದೂ ಹೇಳಿದರು. ಅತ್ತಿಗೆ ಆಸ್ಪತ್ರೆಯ ಬಾಗಿಲಲ್ಲೇ ನನ್ನನ್ನು ಹಿಡಿದು ಕೇಳಿದರು: "ಜೊತೆಗೇ ಇದ್ಯಲ್ಲೋ, ಮುಖ ನೋಡ್ಲಿಲ್ವಾ ನೀನು?" ನೋಡಿದ್ದೆ ಅತ್ತಿಗೆ, ನೋಡುತ್ತಲೇ ಇದ್ದೆ ಎಂದರೆ ಯಾರು ನಂಬುತ್ತಾರೆ?

ನಿಮ್ಮ ಕಚೇರಿಗೆ ದೂರು ತಂದೆ. ಗುಮಾಸ್ತರು ಕಡತದಿಂದ ತಲೆಯೆತ್ತದೆ, "ಅದು ಕನ್ನಡಿ ಅಲ್ಲ ರೀ, ಜಾಹೀರಾತು ಫಲಕ. ಕನ್ನಡಿ ನಿಜ ಹೇಳ್ಬೇಕು ಅಂತ ನಮ್ಮ ನಿಯಮದಲ್ಲಿ ಎಲ್ಲೂ ಇಲ್ಲ" ಎಂದರು. ಎಂಥ ಸೂಕ್ಷ್ಮ ವಿವೇಚನೆ! ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಹಿರಿಯರು ಕೇಳಿದ್ದರು. ಬೇಡ, ಒಪ್ಪಿದೆ. ಆದರೆ ತನ್ನ ಮುಖ ತನಗೆ ಕಾಣಲು ಮನುಷ್ಯನಿಗೆ ಬೇರೇನಿದೆ? ಇಂಥ ಕನ್ನಡಿ ಬಟ್ಟೆ ಅಂಗಡಿಗೂ ಕನ್ನಡಕದ ಅಂಗಡಿಗೂ ಬರಲಿದೆಯಂತೆ. ನಾಳೆ ಮನೆಗಳ ಬಚ್ಚಲಿಗೂ ಬಂದರೆ, ಕಾಯಿಲೆ ಬಿದ್ದವನಿಗೆ ಕಾಯಿಲೆಯೆಂದು ಹೇಳುವವರು ಯಾರು? ನೀವೇ?

ಇಷ್ಟೇ ಆಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆ. ನನ್ನ ಈಗಿನ ಭಯ ಬೇರೆ. ದಿನವೂ ಕನ್ನಡಿ ನೋಡಿಕೊಂಡು ಕೆನ್ನೆ ಉಬ್ಬಿಸಬೇಕು, ತುಟಿ ಮುಂದೆ ಚಾಚಬೇಕು, ಮಾಡಿದರೆ ಬಾಯಿ ಬಹುಪಾಲು ಸರಿಹೋಗುತ್ತದೆ, ಬಿಟ್ಟರೆ ಹೀಗೇ ಉಳಿಯುತ್ತದೆ ಎಂದಿದ್ದಾರೆ ಡಾಕ್ಟರು. ದೊಡ್ಡ ಕನ್ನಡಿ ಇದೆಯಲ್ಲ ಎಂದು ಅತ್ತಿಗೆ ಅವನನ್ನು ಗಾಲಿಕುರ್ಚಿಯಲ್ಲಿ ನನ್ನ ಅಂಗಡಿಗೆ ಕರೆತಂದರು. ಅಣ್ಣ ಆ ಪರದೆ ನೋಡಿದ. ನೆಟ್ಟಗಿನ ಬಾಯಿ. ಆಡುವ ಕೈಯಿಂದ ಜೋತ ಕೆನ್ನೆ ಮುಟ್ಟಿಕೊಂಡ, ಪರದೆಯಲ್ಲಿನ ಕೈ ತುಂಬುಗೆನ್ನೆ ಮುಟ್ಟಿತು. "ಸ...ರಿ ಇದೆ" ಎಂದ. ಅಂದಿನಿಂದ ವ್ಯಾಯಾಮ ಮಾಡುವುದಿಲ್ಲ. ಮನೆಯ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ಇಡಿಸಿದ್ದಾನೆ. ಬೆಳಗಾದರೆ ಸಲೂನಿಗೆ ಹೋಗಬೇಕೆಂದು ಮಗುವಿನ ಹಾಗೆ ಹಟ. ಬಂದು ಕೂತು ತನ್ನನ್ನೇ ನೋಡುತ್ತಾನೆ. ಪರದೆ ತೆಗೆದುಬಿಡಿ ಎಂದರೆ ಕಂಪನಿಯವರು, ಅವಧಿಗೆ ಮುಂಚೆ ತೆಗೆಯುವಂತಿಲ್ಲವೆಂದು ನಾನು ಸಹಿ ಹಾಕಿದ್ದ ಒಪ್ಪಂದ ತೋರಿಸುತ್ತಾರೆ.

ಇವತ್ತು ತಡೆಯಲಾಗಲಿಲ್ಲ. ಪರದೆಗೆ ಟವೆಲ್ ಹೊದಿಸಿ ಅಣ್ಣನ ಎದುರು ಮಂಡಿಯೂರಿದೆ. "ಅಣ್ಣಾ, ನನ್ನ ಮುಖ ನೋಡು" ಎಂದು, ಅವನ ಬಾಯಿ ಹೇಗಿದೆಯೋ ಹಾಗೇ ನನ್ನದನ್ನೂ ಸೊಟ್ಟ ಮಾಡಿದೆ. ಬಹಳ ಹೊತ್ತು ನೋಡಿದ. ಕಣ್ಣು ತುಂಬಿತು. ಆಮೇಲೆ ತುಟಿ ಮುಂದೆ ಚಾಚಲು ನೋಡಿದ, ಒಂದೇ ಬದಿ ಬಂತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕಂಪನಿಯ ಪ್ರತಿನಿಧಿಯ ಅದೇ ನಯದ ದನಿ: "ಅಣ್ಣಾ, ಕನ್ನಡಿ ಮೇಲಿನ ಟವೆಲ್ ತೆಗೀತೀರಾ?"

ಟವೆಲ್ ಎಂದು ಆಕೆಗೆ ಹೇಗೆ ಗೊತ್ತಾಯಿತು? ಅದನ್ನು ಹಿಡಿದು ಬಂದ ನನ್ನನ್ನೂ ಹಿಂದೆ ಕೂತ ಅಣ್ಣನನ್ನೂ ಯಾರು ನೋಡುತ್ತಿದ್ದಾರೆ?

ಆ ಪರವಾನಗಿ ರದ್ದು ಮಾಡಿ. ನನ್ನ ಅಪ್ಪನ ಕನ್ನಡಿ, ರಸ ಹೋದದ್ದಾದರೂ ಸರಿ, ಮತ್ತೆ ಗೋಡೆಗೇರಲಿ. ಅಲ್ಲಿಯವರೆಗೆ ಟವೆಲ್ ಅಲ್ಲೇ ಇರುತ್ತದೆ. ತೆಗೆಸಲೇಬೇಕೆಂದರೆ ಯಾರನ್ನೂ ಕಳಿಸಬೇಡಿ, ನೀವೇ ಬನ್ನಿ. ಬಂದವರು ಪರದೆಗೆ ಬೆನ್ನು ಹಾಕಿ ನನ್ನ ಅಣ್ಣನ ಎದುರು ಕೂತು, "ಸರಿ ಇದೆ" ಎಂದು ಅವನ ಮುಖ ನೋಡಿ ಹೇಳಿ. ಹೇಳಿದರೆ ಟವೆಲ್ ನಾನೇ ತೆಗೆಯುತ್ತೇನೆ.

ಇಂತಿ,
ಈಗೀಗ ಪ್ರತಿ ಗಿರಾಕಿಯ ಎದುರಿಗೆ ಬಂದು ನಿಂತು ಮುಖ ನೋಡಿ ಹೋಗುವ,
ತಡವಾಗಿ ಕಲಿತ ಕ್ಷೌರಿಕ